ಗಡಾಯಿಕಲ್ಲಿನ ಮೆಟ್ಟಿಲು, ಕುದುರೆಮುಖದ ಪಾಸು, ಮಲ್ಪೆಯ ಬೋಟು

ದಸರಾ ರಜೆಯಿಂದ ಕ್ರಿಸ್ಮಸ್ ರಜೆಯವರೆಗೆ ಮನೆಮಂದಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು ಎಂದು ಕೇಳಿದ ಪತ್ರಗಳೇ ಈ ಬಾರಿ ಹೆಚ್ಚು. ಮಂಗಳೂರು, ಉಡುಪಿಯಿಂದ ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದಾದ ಜಾಗಗಳನ್ನೇ ಹೆಚ್ಚಾಗಿ ಇಲ್ಲಿ ತೆಗೆದುಕೊಂಡಿದ್ದೇವೆ. ಪ್ರವೇಶ ಶುಲ್ಕ ವರ್ಷವರ್ಷವೂ ಬದಲಾಗುವುದರಿಂದ ದರ ಬರೆದಿಲ್ಲ.

ಪ್ರಶ್ನೆ: ನಾವು ಕಾಲೇಜಿನ 12 ಮಂದಿ ಗಡಾಯಿಕಲ್ಲು ಹತ್ತಬೇಕೆಂದಿದ್ದೇವೆ. ಮಂಗಳೂರಿನಿಂದ ಎಂಟು ಗಂಟೆಗೆ ಹೊರಟು, ಬುತ್ತಿ ಕಟ್ಟಿಕೊಂಡು ಮೇಲೆ ಊಟ ಮಾಡುವ ಆಲೋಚನೆ. ಮೇಲೆ ನೋಡಲು ಏನಿದೆ?
– ವಿದ್ಯಾರ್ಥಿಗಳು, ಕೊಣಾಜೆ

ಉತ್ತರ: ಎಂಟು ಗಂಟೆ ಬೇಡ, ಐದಕ್ಕೆ ಹೊರಡಿ. ಮಂಗಳೂರಿನಿಂದ ಬಿ.ಸಿ. ರೋಡ್ ಮೇಲಾಗಿ ಬೆಳ್ತಂಗಡಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಕಲ್ಲಿನ ಬುಡಕ್ಕೆ ಇನ್ನೊಂದು 8 ಕಿ.ಮೀ. ಎಂಟಕ್ಕೆ ಹೊರಟವರು ಚಹಾ ಕುಡಿದು, ಟಿಕೆಟ್ ಮಾಡಿಸಿ, ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಹತ್ತೂವರೆ ದಾಟಿರುತ್ತದೆ. ಗಡಾಯಿಕಲ್ಲು ಹೆಸರಿಗೆ ತಕ್ಕಂತೆ ಕಲ್ಲೇ. ಕೆಳಗಿನ ಕಾಡು ಮುಗಿದ ಮೇಲೆ ಬರೀ ಬಂಡೆ, ನೆರಳು ಇಲ್ಲವೆಂದೇ ಹೇಳಬೇಕು. ಹನ್ನೊಂದರ ಬಿಸಿಲಿಗೆ ಬಂಡೆ ಕಾದು ಮೇಲಿನಿಂದಲೂ ಕೆಳಗಿನಿಂದಲೂ ಕಾವು ಹೊಡೆಯುತ್ತದೆ. ನಮ್ಮ ಕಡೆಯ ಸೆಕೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಅರ್ಧದಲ್ಲಿ ತಲೆಸುತ್ತು ಬಂದು ಕೂರುವವರಲ್ಲಿ ಹೆಚ್ಚಿನವರು ತಡವಾಗಿ ಹೊರಟವರು, ಕಾಲಿನಲ್ಲಿ ಬಲವಿಲ್ಲದವರಲ್ಲ.

ಮೆಟ್ಟಿಲುಗಳ ಲೆಕ್ಕ 1,876 ಎಂದು ರೂಢಿಯಲ್ಲಿದೆ. ಎಣಿಸುವ ಚಟ ಬೇಡ, ಎಣಿಸುತ್ತ ಹತ್ತಿದವರಿಗೆ ಉಸಿರಿನ ಲೆಕ್ಕ ತಪ್ಪುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಾದ್ದರಿಂದ ಒಂದು ಗೇಣುದ್ದ ಎತ್ತರವಿದ್ದರೆ ಮುಂದಿನದು ಮೊಣಕಾಲಿನವರೆಗೆ ಬರಬಹುದು. ಒಂದೇ ಗತಿಯಲ್ಲಿ ಹತ್ತಲು ಇದೇ ಬಿಡುವುದಿಲ್ಲ. ಮಾತಾಡುತ್ತ ಹತ್ತಲು ಆಗುವಷ್ಟೇ ವೇಗವಿರಲಿ. ಮಾತು ತುಂಡಾದರೆ ನಿಂತುಬಿಡಿ. ಸಾಧಾರಣ ಅಭ್ಯಾಸವಿರುವವರಿಗೆ ಹತ್ತಲು ಒಂದೂವರೆಯಿಂದ ಎರಡು ಗಂಟೆ, ಇಳಿಯಲು ಒಂದು ಗಂಟೆಗಿಂತ ಮೇಲೆ ಬೇಕು. ಮಂಡಿ ನೋಯುವುದು ಇಳಿಯುವಾಗಲೇ. ಮೆಟ್ಟಿಲಿಗೆ ಅಡ್ಡಡ್ಡವಾಗಿ, ಪಾದ ಓರೆ ಮಾಡಿ ಇಳಿದರೆ ಮಂಡಿಗೆ ಪೆಟ್ಟು ಕಡಿಮೆ.

ನೀರು ತಲೆಗೆ 3 ಲೀಟರ್. ಅದರಲ್ಲಿ 1 ಲೀಟರಿಗೆ ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿ ಬೆರೆಸಿಡಿ, ಅರ್ಧ ಪೊಟ್ಟಣ ಹಾಕಿ ಉಳಿಸುವುದು ಬೇಡ. ಬರೀ ನೀರನ್ನೇ ಗಟಗಟ ಕುಡಿದು ಬೆವರಿದರೆ ಮೀನಖಂಡ ಹಿಡಿಯುತ್ತದೆ. ಮೇಲೆ ಹಳೆಯ ಕೆರೆಯೊಂದಿದೆ, ಅದರ ನೀರು ಕುಡಿಯುವಂಥದ್ದಲ್ಲ. ಬುತ್ತಿಯನ್ನು ಕಾರಿನಲ್ಲೇ ಬಿಡಿ. ನೇಂದ್ರ ಬಾಳೆಹಣ್ಣು, ನೆಲಗಡಲೆ ಚಿಕ್ಕಿ ಸಾಕು. ಊಟದ ವಾಸನೆಗೆ ಮಂಗಗಳು ಬರುತ್ತವೆ, ತುಂಬಿದ ಹೊಟ್ಟೆಯಲ್ಲಿ ಇಳಿಯುವುದೂ ಕಷ್ಟ. ಬೆಳ್ತಂಗಡಿಗೆ ಬಂದು ಊಟ ಮಾಡಿದರೆ ಒಳ್ಳೆಯದು.

ಇನ್ನು ಕೋಟೆ. ಹಿಂದೆ ನರಸಿಂಹಗಡವೆನ್ನುತ್ತಿದ್ದ ಈ ಜಾಗದಲ್ಲಿ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದ. ತಾಯಿಯ ಹೆಸರಿನಿಂದ ಹಾಗೆ ಕರೆದನೆಂಬುದು ಪ್ರಚಲಿತ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ವರ್ಷ ಇದೂ ಇಂಗ್ಲಿಷರ ಪಾಲಾಯಿತು. ಅರಮನೆ, ಮಂಟಪ ಎಂದು ಹುಡುಕಿದರೆ ನಿರಾಶೆಯಾಗುತ್ತದೆ. ಮೇಲಿರುವುದು ಬಿದ್ದ ಗೋಡೆಗಳು, ಒಂದು ಫಿರಂಗಿ, ಕೆರೆ, ಕೆಲವು ಕಟ್ಟಡಗಳ ಅವಶೇಷ. ನೋಡಬೇಕಾದದ್ದು ದಾರಿಯನ್ನೇ. ಮೂರು ಕಡೆ ಕಡಿದಾದ ಬಂಡೆ, ಹತ್ತಲು ಒಂದೇ ಸಾಲು ಮೆಟ್ಟಿಲು, ಇಬ್ಬರು ಎದುರಾದರೆ ಒಬ್ಬರು ಸರಿಯಲೇಬೇಕು. ಮೇಲೆ ಹತ್ತು ಜನ ನಿಂತರೆ ಕೆಳಗಿನ ಸೈನ್ಯವನ್ನು ತಡೆಯಬಹುದೆಂಬ ಲೆಕ್ಕಾಚಾರ ಹತ್ತುತ್ತ ಹತ್ತುತ್ತ ನಿಮಗೇ ಅರ್ಥವಾಗುತ್ತದೆ. ಭಾನುವಾರ ಅದೇ ಇಕ್ಕಟ್ಟಿನಲ್ಲಿ ನೂರಾರು ಜನ ಸಿಕ್ಕಿಬೀಳುತ್ತಾರೆ. ವಾರದ ದಿನ ಹೋಗಿ.

ಈ ಕಲ್ಲು ಕುದುರೆಮುಖ ವನ್ಯಜೀವಿ ವಿಭಾಗದ ವ್ಯಾಪ್ತಿಯಲ್ಲಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಮೆಟ್ಟಿಲು ಸೋಪು ಹಚ್ಚಿದಂತಾಗುವುದರಿಂದ ಹತ್ತಲು ಬಿಡುವುದಿಲ್ಲ. ಮಳೆ ನಿಂತ ಮೊದಲ ವಾರವೂ ಬೇಡ, ಪಾಚಿ ಒಣಗಲಿ. ಬಂಡೆಯ ಮುಖದಲ್ಲಿ ಹೆಜ್ಜೇನು ಕಟ್ಟುವುದುಂಟು, ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಕೂಗಾಡಬೇಡಿ.

ಪ್ರಶ್ನೆ: ಕುದುರೆಮುಖ ಶಿಖರಕ್ಕೆ ಆನ್‌ಲೈನಿನಲ್ಲಿ ಟಿಕೆಟ್ ನೋಡಿದರೆ ಶನಿವಾರ, ಭಾನುವಾರ ಭರ್ತಿ ಎನ್ನುತ್ತದೆ. ಜೀಪಿನವರೊಡನೆ ಮಾತಾಡಿದರೆ ಆಗುತ್ತದೆಂದು ಗೆಳೆಯ ಹೇಳುತ್ತಾನೆ. ಕುದುರೆಮುಖ ಪಟ್ಟಣದಲ್ಲಿ ರೂಮು ಮಾಡಿದರೆ ಹತ್ತಿರವಾಗುತ್ತದೆಯೇ?
– ಬ್ಯಾಂಕ್ ಉದ್ಯೋಗಿ, ಮಣಿಪಾಲ

ಉತ್ತರ: ಗೆಳೆಯನ ಮಾತು ಕೇಳಬೇಡಿ. ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲೇ ಮುಂಗಡ ಬುಕಿಂಗ್ ಆಗಬೇಕು. ಒಂದು ಚಾರಣಕ್ಕೆ ದಿನಕ್ಕೆ 300 ಜನರ ಮಿತಿಯಿದೆ. ಟಿಕೆಟಿನಲ್ಲಿರುವ ಹೆಸರಿಗೂ ಗುರುತಿನ ಚೀಟಿಗೂ ತಾಳೆಯಾಗಬೇಕು. ಪಾಸಿಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ನಡೆಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಜೀಪಿನವರು ನಿಮ್ಮನ್ನು ಬುಡಕ್ಕೆ ಮುಟ್ಟಿಸಬಲ್ಲರು, ಅಷ್ಟೇ. ಮಂಗಳವಾರ, ಬುಧವಾರ ಒಂದು ದಿನ ರಜೆ ಹಾಕಿ, ಸುಲಭವಾಗಿ ಸಿಗುತ್ತದೆ.

ಪಟ್ಟಣದಲ್ಲಿ ರೂಮು ಹಿಡಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಶಿಖರಕ್ಕೆ ಹೊರಡುವುದು ಮುಳ್ಳೋಡಿಯಿಂದ. ಅದು ಪಟ್ಟಣವನ್ನು ದಾಟಿ ಕಳಸದ ದಿಕ್ಕಿನಲ್ಲಿ, ಸಂಸೆ-ಬಾಳಗಲ್ ಕಡೆಯಿಂದ ಒಳಗೆ ಹೋಗಬೇಕಾದ ಜಾಗ. ಡಾಂಬರು ರಸ್ತೆಯಿಂದ ಮುಳ್ಳೋಡಿಗೆ ಹೋಗುವ ಕಚ್ಚಾ ದಾರಿ ಕಾರಿನ ತಳ ಒಡೆಯುವಂಥದ್ದು, ಅಲ್ಲಿಗೆ ಜೀಪೇ ಸರಿ. ಸಂಸೆ ಅಥವಾ ಕಳಸದಲ್ಲಿ ಹೋಂಸ್ಟೇ ಹಿಡಿದರೆ ಬೆಳಿಗ್ಗೆ ಆರೂವರೆಗೆ ನಡೆಯಲು ಶುರು ಮಾಡಬಹುದು. ಹೋಗಿ ಬರಲು ಒಟ್ಟು 20 ಕಿ.ಮೀ. ಆಸುಪಾಸು, ನಿಂತು ಕೂತು 8ರಿಂದ 9 ಗಂಟೆ. ಮೇಲೆ ಉಳಿಯಲು, ಟೆಂಟ್ ಹಾಕಲು ಅನುಮತಿ ಇಲ್ಲ. ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ಎಲ್ಲೇ ಇರಿ, ಶಿಖರ ಕಾಣುತ್ತಿದ್ದರೂ ಸರಿ, ಹಿಂದಿರುಗಿ. ಕತ್ತಲಾದ ಮೇಲೆ ಶೋಲೆಯೊಳಗಿನ (ಕಣಿವೆಯ ಕಾಡಿನ) ತೊರೆ ದಾಟುವುದು ಆಟವಲ್ಲ.

ಶಿಖರ ಸುಮಾರು 1,890 ಮೀಟರ್. ಮಂಗಳೂರಿನ ಸೆಕೆಯಿಂದ ಹೋದವರಿಗೆ ಮೇಲಿನ ಗಾಳಿ ಮೋಸ ಮಾಡುತ್ತದೆ. ಬೆವರಿದ ಹತ್ತಿಯ ಬನಿಯನ್ ಗಾಳಿಗೆ ತಣ್ಣಗಾಗಿ ನಡುಕ ಹುಟ್ಟುತ್ತದೆ. ಬೇಗ ಒಣಗುವ ಬಟ್ಟೆ ಹಾಕಿ, ಬ್ಯಾಗಿನಲ್ಲಿ ಒಂದು ಒಣ ಅಂಗಿ, ತೆಳ್ಳಗಿನ ರೈನ್‌ಕೋಟ್ ಇರಲಿ. ಅಕ್ಟೋಬರಿನಲ್ಲೂ ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಬರಬಹುದು. ಆಗ ಬೋಳು ಏಣಿನ ಮೇಲೆ ನಿಲ್ಲಬೇಡಿ, ಒಂಟಿ ಮರದ ಬುಡಕ್ಕೂ ಹೋಗಬೇಡಿ, ಇಳಿಜಾರಿನಲ್ಲಿ ತಗ್ಗಿಗೆ ಇಳಿಯಿರಿ. ಫೆಬ್ರವರಿಯ ಮೇಲೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವಾಗ ಚಾರಣ ನಿಲ್ಲಿಸುವುದುಂಟು. ಬುಕ್ ಮಾಡುವ ಮೊದಲು ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ಚಾರಣ ನಮ್ಮಿಂದಾಗದು. ಕಾರಿನಲ್ಲಿ ಕಾರ್ಕಳದಿಂದ ಕಳಸದವರೆಗೆ ಹೋಗಿ ಬಂದರೆ ಕಾಡು ಕಾಣುತ್ತದೆಯೇ? ಅಲ್ಲಿದ್ದ ಗಣಿ ಏಕೆ ನಿಂತಿತು? ಮಕ್ಕಳು ಕೇಳಿದರೆ ಏನು ಹೇಳಲಿ?
– ಗೃಹಿಣಿ, ಬಂಟ್ವಾಳ

ಉತ್ತರ: ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಕಾರ್ಕಳದಲ್ಲಿ ಪೆಟ್ರೋಲ್ ತುಂಬಿಸಿ, ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ದಕ್ಷಿಣ ಕನ್ನಡವಾಯಿತು, 1997ರಲ್ಲಿ ಈ ಭಾಗ ಉಡುಪಿ ಜಿಲ್ಲೆಗೆ ಸೇರಿತು. ಗಡಿಯ ಹೆಸರು ಮಾತ್ರ ಇಂಗ್ಲಿಷರ ಕಾಲದ್ದೇ ಉಳಿದಿದೆ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಜೋಪಾನವಾಗಿಡಿ, ಆಚೆ ಗೇಟಿನಲ್ಲಿ ತೋರಿಸಬೇಕಾಗುತ್ತದೆ. ನಡುವೆ ಕಾರು ನಿಲ್ಲಿಸಿ ಊಟಕ್ಕೆ ಕೂರುವುದು, ಹುಲ್ಲುಗಾವಲಿಗೆ ಇಳಿದು ರೀಲ್ಸ್ ಮಾಡುವುದು, ಡ್ರೋನ್ ಹಾರಿಸುವುದು ಯಾವುದೂ ಆಗದು. ಇಳಿಯಲು ಅವಕಾಶವಿರುವ ಜಾಗ ಹನುಮನಗುಂಡಿ ಜಲಪಾತ. ಟಿಕೆಟ್ ಪಡೆದು ಮೆಟ್ಟಿಲಿಳಿಯಬೇಕು. ಇಳಿಯುವಾಗ ಖುಷಿ, ಹತ್ತುವಾಗ ಅಜ್ಜ ಅಜ್ಜಿಯರಿಗೆ ಕಷ್ಟ. ಇಳಿಯುವ ಮೊದಲೇ ಅವರನ್ನು ಕೇಳಿ. ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಲೋಬೀಮ್, 20-30 ಕಿ.ಮೀ. ವೇಗ ಸಾಕು.

ಮಕ್ಕಳಿಗೆ ಮೊದಲು ಹುಲ್ಲು ತೋರಿಸಿ. ಗುಡ್ಡದ ಬೋಳು ನೆತ್ತಿ ಕಂಡು ಕಾಡು ಕಡಿದಿದ್ದಾರೆ ಎಂದುಕೊಳ್ಳುವವರು ಬಹಳ. ಹಾಗಲ್ಲ. ಗಾಳಿ ಹೊಡೆಯುವ ಏಣಿನಲ್ಲಿ ಹುಲ್ಲು, ಮಣ್ಣೂ ತೇವವೂ ನಿಲ್ಲುವ ಕಣಿವೆಯ ಮಡಿಲಲ್ಲಿ ಶೋಲೆ ಕಾಡು. ಈ ಬೆಟ್ಟಗಳ ಸಹಜ ರೂಪವೇ ಇದು. ಮಳೆಗಾಲದ ನೀರನ್ನು ಹೀರಿಕೊಂಡು ಬೇಸಿಗೆಯಲ್ಲಿ ತೊಟ್ಟಿಕ್ಕಿಸುವುದು ಈ ಜೋಡಿ. ಇಲ್ಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮಂಗಳೂರಿನ ನಳ್ಳಿಗೆ ಬರುವುದು ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ತಡೆದ ನೇತ್ರಾವತಿಯ ನೀರು.

ಗಣಿಯ ಕತೆಯೂ ಮಂಗಳೂರಿನದೇ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು 1976ರಲ್ಲಿ. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಪಣಂಬೂರಿನಲ್ಲಿ ಅದು ಉಂಡೆಯಾಗಿ ಹಡಗು ಹತ್ತುತ್ತಿತ್ತು. ಉಳಿದ ಹೂಳು ನಿಂತದ್ದು ಲಕ್ಯಾ ಅಣೆಕಟ್ಟಿನ ಹಿಂದೆ. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳ ದೊಡ್ಡ ನೆಲೆ ಇದೆಂಬುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸಿಂಗಳೀಕ ನೆಲಕ್ಕೆ ಇಳಿಯುವುದು ಕಡಿಮೆ, ಮರದ ನೆತ್ತಿಯಿಂದ ನೆತ್ತಿಗೆ ಹಾರಿಕೊಂಡು ಬದುಕುವ ಪ್ರಾಣಿ. ಕಾಡಿನ ನಡುವೆ ಬಯಲಾದರೆ ಅದರ ದಾರಿಯೇ ಕಡಿದಂತೆ. ಮಣ್ಣು ಕೊಚ್ಚಿ ಭದ್ರೆಗೆ ಸೇರುತ್ತಿದೆ ಎಂಬ ದೂರೂ ಇತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಪಟ್ಟಣದ ಖಾಲಿ ಕ್ವಾರ್ಟರ್ಸುಗಳು ಆ ದಿನಗಳವು. ಕೆಲಸ ಕಳೆದುಕೊಂಡವರ ನೋವೂ ಅಲ್ಲಿದೆ, ಅದನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ: ಇಂಬಳ (ಜಿಗಣೆ) ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆಂದು ನೆರೆಮನೆಯವರು ಹೆದರಿಸಿದ್ದಾರೆ. ನಿಜವೇ?
– ತಾಯಿಯೊಬ್ಬರು, ಹೆಬ್ರಿ

ಉತ್ತರ: ಇಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ (ಉಣ್ಣೆಹುಳುವಿನಿಂದ), ಇಂಬಳದಿಂದಲ್ಲ. ಎರಡರ ಕಾಲವೂ ಬೇರೆ. ಇಂಬಳ ಮಳೆಗಾಲದ್ದು, ನೆಲ ಒಣಗಿದಂತೆ ಮಾಯವಾಗುತ್ತದೆ. ಉಣುಗಿನ ಕಾಟ ನೆಲ ಒಣಗಿದ ಮೇಲೆ, ಡಿಸೆಂಬರಿನಿಂದ ಮೇವರೆಗೆ.

ಇಂಬಳ ಹಿಡಿದರೆ ಗಾಬರಿಯಿಂದ ಎಳೆಯಬೇಡಿ. ಉಗುರನ್ನು ಅದರ ಬಾಯಿಯ ಬುಡದಲ್ಲಿ ಚರ್ಮಕ್ಕೆ ತಾಗಿಸಿ ಸರಿಸಿದರೆ ಬಿಡುತ್ತದೆ. ಉಪ್ಪು ಹಾಕಿದರೂ ಬೀಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಬಿಟ್ಟಿರುವುದರಿಂದ ಗಾಯ ಚಿಕ್ಕದಾದರೂ ತುಂಬಾ ಹೊತ್ತು ರಕ್ತ ಒಸರುತ್ತದೆ. ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದರೆ ಆಯಿತು. ಹೊಗೆಸೊಪ್ಪಿನ ಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಕಾಲುಚೀಲಕ್ಕೆ ಹಚ್ಚುವ ಊರ ಉಪಾಯ ಕೆಲಸ ಮಾಡುತ್ತದೆ, ಆದರೆ ಚರ್ಮಕ್ಕಲ್ಲ, ಬಟ್ಟೆಗೆ ಮಾತ್ರ.

ಹೆದರಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆಯ ವೈರಾಣು ಮೊದಲು ಪತ್ತೆಯಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಎಳೆಯ ಉಣುಗು ಎಳ್ಳು ಕಾಳಿನಷ್ಟೂ ಇರುವುದಿಲ್ಲ, ಕಚ್ಚಿದ್ದೂ ತಿಳಿಯದು. ಒಣ ಎಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ್ದು ಕಾಣುತ್ತದೆ. ಕಾಯಿಲೆಯ ಸೀಮೆಯಲ್ಲಿ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಕ್ಕಳ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಸೀಮೆಎಣ್ಣೆ ಸುರಿಯುವುದು, ಊದುಬತ್ತಿಯಲ್ಲಿ ಸುಡುವುದು ಬೇಡ. ಕಾಡಿಗೆ ಹೋಗಿ ಬಂದ ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಮೊದಲೇ ಹೇಳಿ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಮನುಷ್ಯರು ಕೆತ್ತಿದ್ದೇ? ವಾಸ್ಕೋ ಡ ಗಾಮ ಅಲ್ಲಿ ಇಳಿದದ್ದು ನಿಜವೇ? ಏಳು ವರ್ಷದ ಮಗುವಿದೆ, ಯಾವ ಹೊತ್ತಿನಲ್ಲಿ ಹೋದರೆ ಒಳ್ಳೆಯದು?
– ಓದುಗರು, ಕುಂದಾಪುರ

ಉತ್ತರ: ಕೆತ್ತಿದ್ದಲ್ಲ, ಬಿರಿದದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕೆಸರು ಬಿರುಕು ಬಿಡುವುದನ್ನು ಮಗುವಿಗೆ ನೆನಪಿಸಿ. ಲಾವಾ ಆರುತ್ತ ಕುಗ್ಗಿದಾಗಲೂ ಹಾಗೆಯೇ ಬಿರಿಯುತ್ತದೆ. ಎಲ್ಲ ಕಡೆಯಿಂದ ಸಮನಾಗಿ ಎಳೆತ ಬಿದ್ದರೆ ಆರು ಮೂಲೆಯ ಆಕಾರ ಬರುತ್ತದೆ, ಜೇನುಗೂಡಿನಂತೆ. ಮೇಲ್ಮೈಯಿಂದ ಆರುತ್ತ ಹೋದ ಹಾಗೆ ಬಿರುಕೂ ಒಳಕ್ಕಿಳಿದು ಕಂಬವಾಯಿತು. ಎಳೆತ ಎಲ್ಲೆಡೆ ಸಮವಿರುವುದಿಲ್ಲವಾದ್ದರಿಂದ ಐದು, ಏಳು ಮೂಲೆಯ ಕಂಬಗಳೂ ಇವೆ. ಎಣಿಸಲು ಹೇಳಿ, ಮಗು ಅರ್ಧ ಗಂಟೆ ತಂಟೆ ಮಾಡದೆ ಇರುತ್ತದೆ. ಬಸಾಲ್ಟ್ ಎಂದೇ ರೂಢಿಯಲ್ಲಿದ್ದರೂ ಈ ಶಿಲೆ ರಯೋಲೈಟ್ ಗುಂಪಿನದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಲ್ಲು ಚೂರು, ಚಿಪ್ಪು ಏನನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಶಿಲುಬೆಯ ಕಂಬ ನೆಟ್ಟು, ಮೇರಿಯ ಹೆಸರಿಟ್ಟ ಎಂದು ಪ್ರತೀತಿ. ಆ ಕಂಬ ಈಗಿಲ್ಲ. ಮೀನುಗಾರರ ಬಾಯಲ್ಲಿ ಇದು ತೋನ್ಸೆಪಾರ್. ಇತಿಹಾಸವೇ ಮುಖ್ಯವೆಂದರೆ ಪಕ್ಕದ ದ್ವೀಪ ದರಿಯಾ ಬಹದ್ದೂರ್‌ಗಡ ನೆನಪಿರಲಿ. ಬಿದನೂರಿನ ಬಸಪ್ಪ ನಾಯಕ ಅಲ್ಲಿ ಕೋಟೆ ಕಟ್ಟಿಸಿದ್ದ. ಪ್ರವಾಸಿ ಬೋಟು ಹೋಗುವುದು ಕಂಬಗಳ ದ್ವೀಪಕ್ಕೆ ಮಾತ್ರ.

ಮಲ್ಪೆಯಿಂದ ದಿನದ ಮೊದಲ ಬೋಟು ಹಿಡಿಯಿರಿ. ಬೆಳಗಿನ ಹೊತ್ತು ಗಾಳಿ ಕಡಿಮೆ, ಕಡಲು ಶಾಂತ. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುತ್ತದೆ, ವಾಂತಿ ಬರುವ ಮಕ್ಕಳಿಗೆ ವಾಪಸು ದಾರಿ ಕಷ್ಟ. ಮಗುವಿಗೆ ಮೊದಲೇ ಲಘುವಾಗಿ ಎರಡು ಇಡ್ಲಿ ತಿನ್ನಿಸಿ, ಖಾಲಿ ಹೊಟ್ಟೆ ಬೇಡ. ಬೋಟಿನ ನಡುಭಾಗದಲ್ಲಿ ಕೂರಿಸಿ, ಅಲ್ಲಿ ಕುಲುಕಾಟ ಕಡಿಮೆ. ಲೈಫ್ ಜಾಕೆಟ್ ಮಗುವಿನ ಅಳತೆಯದ್ದೇ ಕೇಳಿ. ದೊಡ್ಡವರದ್ದು ಹಾಕಿದರೆ ನೀರಿನಲ್ಲಿ ತಲೆಯ ಮೇಲಿಂದ ಜಾರಿ ಹೋಗುತ್ತದೆ. ದ್ವೀಪದಲ್ಲಿ ಒಂದೂವರೆ ಗಂಟೆ ಸಾಕು. ಪಡುವಣ ಬದಿಯ ಕಂಬಗಳ ಮೇಲೆ ಅಲೆ ಬಡಿಯುವ ಜಾಗ ಕಪ್ಪಗೆ, ಹಸಿರಾಗಿ ಕಂಡರೆ ಅದು ಪಾಚಿ. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರೇ ಜಾರಿ ಬೀಳುವುದು. ಮಳೆಗಾಲದಲ್ಲಿ ಬೋಟು ಇಲ್ಲ. ಸೆಪ್ಟೆಂಬರಿನ ಕೊನೆಗೂ ಕಡಲು ನೋಡಿಕೊಂಡೇ ಬಿಡುತ್ತಾರೆ. ಉಡುಪಿಯಿಂದ ಹೊರಡುವ ಮೊದಲು ಒಂದು ಫೋನ್ ಮಾಡಿ.

ಪ್ರಶ್ನೆ: ಶಾಲಾ ಮಕ್ಕಳನ್ನು ಒಂದೇ ದಿನದಲ್ಲಿ ಕಾರ್ಕಳ, ಮೂಡುಬಿದಿರೆ, ವೇಣೂರು, ವರಂಗ ನಾಲ್ಕಕ್ಕೂ ಕರೆದೊಯ್ಯಬಹುದೇ?
– ಶಿಕ್ಷಕರು, ಸುರತ್ಕಲ್

ಉತ್ತರ: ಕರೆದೊಯ್ಯಬಹುದು, ಬಸ್ಸು ತೋರಿಸಿದಂತಾಗುತ್ತದೆ ಅಷ್ಟೇ. ವರಂಗ ಬಿಡಿ. ಕೆರೆಯ ನಡುವಿನ ಬಸದಿಗೆ ದೋಣಿಯಲ್ಲಿ ಕೆಲವೇ ಜನರನ್ನು ಒಯ್ಯುವುದರಿಂದ 50 ಮಕ್ಕಳ ಸರದಿ ಮುಗಿಯುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ.

ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ಎಂಟು ಗಂಟೆಯೊಳಗೆ ಮುಟ್ಟಿ. ಚಪ್ಪಲಿ ಕಳಚಿ ಹತ್ತಬೇಕು. ಹತ್ತೂವರೆಯ ನಂತರ ಬಂಡೆ ಕಾವಲಿಯಂತಾಗಿ ಮಕ್ಕಳ ಅಂಗಾಲು ಸುಡುತ್ತದೆ. ದಪ್ಪ ಕಾಲುಚೀಲ ತರಲು ಹಿಂದಿನ ದಿನವೇ ಹೇಳಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಈ ಏಕಶಿಲಾ ಮೂರ್ತಿ 42 ಅಡಿ. ಎದುರಿನ ಚಿಕ್ಕ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಿಂದ ನೋಡಿದರೂ ಒಂದೇ ಬಗೆಯ ನೋಟ. ಮಕ್ಕಳನ್ನು ನಾಲ್ಕು ಗುಂಪು ಮಾಡಿ ನಾಲ್ಕು ಬಾಗಿಲಿಗೆ ಕಳಿಸಿದರೆ ತಾವೇ ಕಂಡುಕೊಳ್ಳುತ್ತಾರೆ. ಅಲ್ಲಿಂದ ಮೂಡುಬಿದಿರೆಗೆ ಸುಮಾರು 18 ಕಿ.ಮೀ. 1430ರ ಸಾವಿರ ಕಂಬದ ಬಸದಿ ನೆರಳಿನ ಜಾಗ, ಮಧ್ಯಾಹ್ನಕ್ಕೆ ಅದೇ ಸರಿ. ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲ ಎನ್ನುತ್ತಾರೆ, ತಲೆಗೆ ಒಂದು ಕಂಬದಂತೆ ಚಿತ್ರ ಬಿಡಿಸಲು ಕೊಡಿ. ಮೇಲಿನ ಇಳಿಜಾರು ಮಾಡನ್ನು ಮರೆಯದೆ ತೋರಿಸಿ. ನಮ್ಮ ಮಳೆಯೇ ಬರೆಸಿದ ನಕ್ಷೆ ಅದು, ಬಯಲುಸೀಮೆಯ ದೇವಾಲಯಗಳಲ್ಲಿ ಕಾಣದು. ಸಂಜೆ ನಾಲ್ಕರ ಮೇಲೆ ವೇಣೂರು. ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಗೊಮ್ಮಟ 35 ಅಡಿ. ಬೆಟ್ಟ ಹತ್ತಬೇಕಿಲ್ಲ, ದಣಿದ ಕಾಲಿಗೆ ಅನುಕೂಲ. ಇವೆಲ್ಲ ಪೂಜೆ ನಡೆಯುವ ಜಾಗಗಳು. ಗರ್ಭಗುಡಿಯ ಫೋಟೋ ತೆಗೆಯುವ ಮೊದಲು ಕೇಳಲು ಮಕ್ಕಳಿಗೆ ಹೇಳಿಕೊಡಿ.

ಪ್ರಶ್ನೆ: ಅತ್ತೆಯವರಿಗೆ 78 ವರ್ಷ. ಪಿಲಿಕುಳದಲ್ಲಿ ಅವರು ನಡೆಯಬಲ್ಲರೇ?
– ಸೊಸೆ, ಕಾವೂರು

ಉತ್ತರ: ಪೂರ್ತಿ ನಡೆಯಲಾರರು, ನೀವೂ ಒಂದೇ ದಿನದಲ್ಲಿ ನಡೆಯಲಾರಿರಿ. ಸುಮಾರು 370 ಎಕರೆಯ ಜಾಗ ಅದು. ಪ್ರಾಣಿಗಳ ಉದ್ಯಾನ, ಕೆರೆ, ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡಮನೆ), ಕುಶಲಕರ್ಮಿಗಳ ಗ್ರಾಮ, ವಿಜ್ಞಾನ ಕೇಂದ್ರ, ತಾರಾಲಯ ಬೇರೆಬೇರೆ ಕಡೆ ಇವೆ. ಅತ್ತೆಯವರಿಗೆ ಗುತ್ತಿನ ಮನೆ ಮೊದಲು ತೋರಿಸಿ. ಜಗಲಿ, ಚಾವಡಿ, ಪತ್ತಾಯ (ಭತ್ತದ ಕಣಜ) ಕಂಡರೆ ನಿಮಗೆ ವಿವರಿಸುವವರು ಅವರೇ ಆಗುತ್ತಾರೆ. ಆಮೇಲೆ ಕೆರೆಯ ದಡ. ಪಿಲಿ ಎಂದರೆ ತುಳುವಿನಲ್ಲಿ ಹುಲಿ, ಹುಲಿ ನೀರು ಕುಡಿಯಲು ಬರುತ್ತಿದ್ದ ಕುಳದಿಂದ ಊರಿಗೆ ಈ ಹೆಸರು. ಪ್ರಾಣಿಗಳ ಭಾಗಕ್ಕೆ ಹೋಗುವುದಾದರೆ ಬ್ಯಾಟರಿ ಗಾಡಿ ಓಡುತ್ತಿದೆಯೇ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿ, ಒಳಗೆ ಹೋದ ಮೇಲೆ ಹುಡುಕಬೇಡಿ. ಸೋಮವಾರ ರಜೆ.

ಪ್ರಶ್ನೆ: ಸುಲ್ತಾನ್ ಬತ್ತೇರಿಗೆ ಹೋಗಿ ಐದು ನಿಮಿಷದಲ್ಲಿ ಹಿಂದೆ ಬಂದೆವು. ಅಷ್ಟೇಯೋ?
– ಓದುಗರು, ಕದ್ರಿ

ಉತ್ತರ: ಕಟ್ಟಡ ಅಷ್ಟೇ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು, ಕೋಟೆಯಲ್ಲ. ಗುರುಪುರ ನದಿಯಲ್ಲಿ ಯುದ್ಧನೌಕೆ ಒಳಬರದಂತೆ ತಡೆಯುವುದೊಂದೇ ಅದರ ಕೆಲಸ. ನೀವು ಬಹುಶಃ ಬುರುಜನ್ನು ನೋಡಿದಿರಿ, ಬುರುಜು ನೋಡುತ್ತಿದ್ದುದನ್ನು ನೋಡಲಿಲ್ಲ. ಮೇಲೆ ಹತ್ತಿ ತೋಪಿನ ಕಿಂಡಿಗಳಲ್ಲಿ ಕಣ್ಣಿಟ್ಟರೆ ನದಿಯ ಯಾವ ತಿರುವು ಗುರಿಯಲ್ಲಿತ್ತು ಎಂದು ತಿಳಿಯುತ್ತದೆ. ಕೆಳಗಿನ ಕೋಣೆ ಮದ್ದು ಇಡುತ್ತಿದ್ದ ಜಾಗ. ಸಂಜೆ ನಾಲ್ಕೂವರೆಗೆ ಹೋಗಿ, ಹತ್ತಿರದ ಕಡವಿನಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ, ಟ್ರೀ ಪಾರ್ಕಿನಲ್ಲಿ ನಡೆದು, ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದು. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ದೋಣಿಯವರನ್ನು ಕೇಳಿಟ್ಟುಕೊಳ್ಳಿ. ತಪ್ಪಿದರೆ ಕೂಳೂರು ಸೇತುವೆ ಸುತ್ತಿಕೊಂಡು ಬರಬೇಕಾಗುತ್ತದೆ.